ನಾನು ನೋಡದ ತಟ್ಟೆ

ಆಗ ನನಗೆ ನಲವತ್ತೆರಡು. ಅದಾಗಿ ನಲವತ್ತು ವರ್ಷದ ಮೇಲಾಯಿತು, ನನಗೀಗ ಎಷ್ಟು ಅಂತ ನೀವೇ ಲೆಕ್ಕ ಹಾಕಿಕೊಳ್ಳಿ. ಅಕ್ಷರ ಕಲಿತದ್ದು ಅರವತ್ತು ದಾಟಿದ ಮೇಲೆ, ಅದೂ ಅರ್ಧಂಬರ್ಧ. ಒತ್ತು ತಪ್ಪಿದರೆ ಮೊಮ್ಮಗಳು ತಿದ್ದುತ್ತಾಳೆ. ಮಾತು ಮಾತ್ರ ತಿದ್ದಬೇಡ ಅಂದಿದ್ದೇನೆ.

ನನ್ನ ಕಸುಬು ಹೆರಿಗೆ ಮಾಡಿಸುವುದು, ಬಾಣಂತಿಗೆ ಎಣ್ಣೆ ತಿಕ್ಕಿ ನೀರು ಹಾಕುವುದು, ಹೊಟ್ಟೆ ಕಟ್ಟುವುದು. ಆದರೆ ಇದು ಹೆರಿಗೆ ಕತೆಯಲ್ಲ. ಒಬ್ಬ ಹೆಂಗಸಿನ ಮೈ ತೂಕ ಇಳಿಸಲು ನಾನು ಐದಾರು ತಿಂಗಳು ಪಟ್ಟ ಪಾಡು. ಈಗ ನನ್ನ ಮೊಮ್ಮಗಳೂ ರಾತ್ರಿ ಊಟ ಬಿಟ್ಟು ಬೆಳಿಗ್ಗೆ ಓಡುತ್ತಾಳೆ. ಅದನ್ನು ನೋಡಿದ ಮೇಲೆ ಬರೆಯಬೇಕು ಅನ್ನಿಸಿತು.

ಹಳೇಬೀಡಿನಲ್ಲಿ ಜೈನರ ಒಂದು ಮನೆ. ಕೊಬ್ಬರಿ ವ್ಯಾಪಾರ. ಜಾವಗಲ್ ಕಡೆಯಿಂದ ಕೊಬ್ಬರಿ ಕೊಂಡು, ಮನೆಯ ಹಿಂದಿನ ಮಂಡಿಯಲ್ಲಿ ತೂಗಿ ಚೀಲ ಕಟ್ಟಿ, ಲಾರಿಯಲ್ಲಿ ಅರಸೀಕೆರೆಗೆ ಕಳಿಸುತ್ತಿದ್ದರು. ಮನೆಯಲ್ಲಿ ಯಜಮಾನರು, ಅವರ ತಾಯಿ ದೊಡ್ಡಮ್ಮಾವ್ರು, ಹೆಂಡತಿ ಚಿಕ್ಕಮ್ಮಾವ್ರು, ಮೂರು ಮಕ್ಕಳು. ಮೂರು ಮಕ್ಕಳನ್ನೂ ಎತ್ತಿದ್ದು ನಾನೇ.

ಮೂರನೆಯ ಹೆರಿಗೆ ಆದಮೇಲೆ ಚಿಕ್ಕಮ್ಮಾವ್ರ ಹೊಕ್ಕುಳು ಉಬ್ಬಿಕೊಂಡಿತು. ಮೊದಲು ನೆಲ್ಲಿಕಾಯಿಯಷ್ಟು. ಆರು ವರ್ಷದಲ್ಲಿ ಮೂಸಂಬಿಯಷ್ಟಾಯಿತು. ಕೆಮ್ಮಿದರೆ ಹೊರಗೆ ಬರುತ್ತಿತ್ತು, ಮಲಗಿದರೆ ಒಳಗೆ ಹೋಗುತ್ತಿತ್ತು. ಮೈಯೂ ಬೆಳೆದಿತ್ತು. ಮೂರು ಬಾಣಂತನದ ತುಪ್ಪ, ಮೆಂತ್ಯದ ಹಿಟ್ಟು, ಕೊಬ್ಬರಿ ಬೆಲ್ಲ. ಅದರ ಮೇಲೆ ಕೂತಲ್ಲೇ ಮಾಡುವ ಕೆಲಸ. ಮೂವತ್ತನಾಲ್ಕು ವರ್ಷದ ಹೆಂಗಸು ಮಹಡಿ ಮೆಟ್ಟಿಲು ಹತ್ತಿದರೆ ನಡುವೆ ನಿಂತು ಉಸಿರು ತೆಗೆದುಕೊಳ್ಳಬೇಕಿತ್ತು.

ದೀಪಾವಳಿ ಮುಂಚೆ ಒಂದು ದಿನ ಉಬ್ಬು ಒಳಗೆ ಹೋಗದೆ ಅರ್ಧ ದಿನ ಕಾಡಿತು. ಯಜಮಾನರು ಹೆದರಿ ಹಾಸನದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ನಾನೂ ಜೊತೆಗೆ ಹೋದೆ. ಡಾಕ್ಟರು ನೋಡಿ, ಇದನ್ನು ಕೊಯ್ದು ಹೊಲಿಯಬೇಕು ಅಂದರು.

"ಆದ್ರೆ ಈಗ ಮಾಡಲ್ಲ. ಇಷ್ಟು ಕೊಬ್ಬಿನ ಮೇಲೆ ಹಾಕಿದ ಹೊಲಿಗೆ ನಿಲ್ಲಲ್ಲ. ಹದಿನಾರು ಕೆಜಿ ಇಳಿಸ್ಕೊಂಡು ಬನ್ನಿ."

"ಬಿಟ್ರೆ ಏನಾಗುತ್ತೆ ಸ್ವಾಮಿ?" ಅಂದೆ ನಾನು.

"ಕರುಳು ಒಂದಿನ ಅಲ್ಲೇ ಸಿಕ್ಕಾಕ್ಕೊಳ್ಳುತ್ತೆ. ಆಗ ಜೀವಕ್ಕೇ ಅಪಾಯ."

ಅವರು ಒಂದು ಕಾಗದ ಬರೆದುಕೊಟ್ಟರು. ಎಷ್ಟು ಅನ್ನ, ಎಷ್ಟು ಚಪಾತಿ, ತುಪ್ಪ ಎಷ್ಟು, ಸೊಪ್ಪು ಬೇಳೆ ಧಾರಾಳ, ಹೊತ್ತಿಗೆ ಸರಿಯಾಗಿ. ಬೆಳಿಗ್ಗೆ ಒಂದು ಗಂಟೆ ನಡಿಗೆ. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು: "ಊಟ, ನಡಿಗೆ ಅನ್ನೋದು ಬಂಡಿಗೆ ಕಟ್ಟಿದ ಎರಡು ಎತ್ತು ಇದ್ದ ಹಾಗೆ ಕಣಮ್ಮ. ಒಂದನ್ನೇ ಹೊಡೆದ್ರೆ ಬಂಡಿ ಹಳ್ಳಕ್ಕೆ ಹೋಗುತ್ತೆ. ಎರಡರ ಮೇಲೂ ಕಣ್ಣಿರ್ಲಿ."

ನಾನು ತಲೆಯಾಡಿಸಿದೆ. ಆದರೆ ಮನೆಗೆ ಬಂದ ಮೇಲೆ ಆ ಕಾಗದ ಅಡಿಗೆಮನೆಗೆ ಹೋಯಿತು. ದೊಡ್ಡಮ್ಮಾವ್ರು ಅದನ್ನು ಬಾಗಿಲ ಒಳಮಗ್ಗುಲಿಗೆ ಅಂಟಿಸಿದರು. ಆ ಮನೆಯದು ಮಡಿ ಅಡಿಗೆ. ನಾನು ಹಜಾರದ ತನಕ, ಬಚ್ಚಲಮನೆ ತನಕ. ಅಡಿಗೆಮನೆ ಹೊಸಿಲು ಒಂದು ದಿನವೂ ದಾಟಿದವಳಲ್ಲ. ಇದನ್ನು ದೂರು ಅಂತ ಹೇಳುತ್ತಿಲ್ಲ, ಆಗ ಹಾಗಿತ್ತು. ಊಟದ ಎತ್ತು ಒಳಗೆ ಉಳಿಯಿತು, ನಡಿಗೆಯ ಎತ್ತು ನನ್ನ ಕೈಗೆ ಬಂತು.

ಮೊದಲ ತೊಂದರೆ ತೂಕ ನೋಡುವುದು. ಊರಲ್ಲಿ ಮನುಷ್ಯರನ್ನು ತೂಗುವ ಯಂತ್ರ ಎಲ್ಲಿತ್ತು? ವಾರವಾರ ಹಾಸನಕ್ಕೆ ಹೋಗಲಾಗುವುದಿಲ್ಲ. ಮಂಡಿಯಲ್ಲಿ ತೊಲೆಗೆ ನೇತುಹಾಕಿದ ದೊಡ್ಡ ತಕ್ಕಡಿ ಇತ್ತು. ಕೊಬ್ಬರಿ ಚೀಲ ಇಡಲು ಒಂದು ಹಲಗೆ, ತೂಕದ ಕಲ್ಲು ಇಡಲು ಒಂದು ಹಲಗೆ, ನಾಲ್ಕು ಮೂಲೆಗೂ ಸರಪಳಿ. ಇದರಲ್ಲೇ ಕೂರಿ ಅಂದೆ.

ದೊಡ್ಡಮ್ಮಾವ್ರು ಕೇಳಿ ಹೌಹಾರಿದರು. "ಏನೇ, ನಮ್ಮನೆ ಸೊಸೆನ ಚೀಲ ಅಂದ್ಕೊಂಡ್ಯಾ?"

"ಚೀಲ ಆದ್ರೆ ಕೊಕ್ಕೆ ಹಾಕಿ ಎತ್ತುತಿದ್ದೆ ಕಣ್ರವ್ವ. ಇವರನ್ನ ಕೈ ಹಿಡ್ಕಂಡು ಕೂರಿಸ್ತೀನಿ."

ಚಿಕ್ಕಮ್ಮಾವ್ರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಭಾನುವಾರ ಮಧ್ಯಾಹ್ನ ಹಮಾಲಿಗಳು ಇಲ್ಲದ ಹೊತ್ತಿನಲ್ಲಿ ಬಾಗಿಲು ಹಾಕಿಕೊಂಡು ತೂಗಿದೆವು. ಇಪ್ಪತ್ತರ ಕಲ್ಲು ನಾಲ್ಕು ಇಟ್ಟೆ, ಹಲಗೆ ಏಳಲಿಲ್ಲ. ಎರಡು ಕೆಜಿಯದು ಒಂದು, ಇನ್ನೊಂದು. ಆಗ ಅವರ ಕಾಲು ನೆಲ ಬಿಟ್ಟಿತು.

"ಅರಸೀಕೆರೆಗೆ ಕಳಿಸಿದ್ರೆ ಏನು ರೇಟ್ ಕಟ್ತಾರೋ ನೋಡಕ್ಕ," ಅಂದರು ತೂಗಾಡುತ್ತ.

"ಒಳಗೆ ನೀರು ಜಾಸ್ತಿ ಐತೆ, ಒಣಗಿಸ್ಕಂಡು ತಗಂಡ್ ಬಾ ಅಂತಾರೆ."

ಎಂಬತ್ತನಾಲ್ಕು. ಹದಿನಾರು ಇಳಿದರೆ ಅರವತ್ತೆಂಟು. ನನಗೆ ಬರೆಯಲು ಬಾರದು. ಇದ್ದಿಲು ತೆಗೆದು ಮಂಡಿಯ ಸುಣ್ಣದ ಗೋಡೆ ಮೇಲೆ ಹದಿನಾರು ಗೆರೆ ಎಳೆದೆ. ಒಂದು ಕೆಜಿ ಇಳಿದಾಗ ಒಂದು ಗೆರೆಯನ್ನು ಅವರೇ ಹೆಬ್ಬೆಟ್ಟಿಗೆ ಉಗುಳು ಹಚ್ಚಿ ಒರೆಸಬೇಕು ಅಂತ ಮಾತಾಯಿತು.

ಎರಡನೆಯ ತೊಂದರೆ ನಡಿಗೆ. ಆಗ ಸಾಹುಕಾರರ ಮನೆ ಹೆಂಗಸು ಬೆಳಿಗ್ಗೆದ್ದು ಸುಮ್ಮಸುಮ್ಮನೆ ರಸ್ತೆಯಲ್ಲಿ ನಡೆಯುವುದು ಎಲ್ಲೂ ಇರಲಿಲ್ಲ. ಮೊದಲ ದಿನವೇ ಹಾಲಿನವನು ಸೈಕಲ್ ನಿಲ್ಲಿಸಿ, "ಯಾರಿಗ್ರವ್ವ ಹುಷಾರಿಲ್ಲ?" ಅಂದ. ಇನ್ನೊಬ್ಬ ಬಸ್ ತಪ್ಪಿತಾ ಅಂದ. ಚಿಕ್ಕಮ್ಮಾವ್ರು ನಾಚಿಕೊಂಡು ತಲೆ ತಗ್ಗಿಸಿ ಮನೆಗೆ ತಿರುಗಿದರು. ನಾಳೆಯಿಂದ ಬರಲ್ಲ ಅಂದರು.

ನಾನು ಒಂದು ಬಿದಿರು ಬುಟ್ಟಿ ತಂದೆ. ಮೇಲೆ ಒಂದು ಬಟ್ಟೆ ಮುಚ್ಚಿದೆ. ಕೈಯಲ್ಲಿ ಬುಟ್ಟಿ ಇದ್ದ ಹೆಂಗಸನ್ನು ಯಾರೂ ಎಲ್ಲಿಗೆ ಅಂತ ಕೇಳುವುದಿಲ್ಲ. ಬಸದಿಗೆ ಹೂ ತರಲು ಹೊರಟಿದ್ದಾಳೆ ಅಂದುಕೊಳ್ಳುತ್ತಾರೆ. ಮನೆಯಿಂದ ಬಸದಿ, ಬಸದಿಯಿಂದ ಕೆರೆ ಏರಿ, ಏರಿಯ ಕೊನೆ ತನಕ ಹೋಗಿ ವಾಪಸು. ಸರಿಯಾಗಿ ಒಂದು ಗಂಟೆ. ಹಾಲಿನವನು ಮಾತ್ರ ಬಿಡಲಿಲ್ಲ.

"ಅಲ್ಲ ಕಣಮ್ಮ, ದಿನಾ ಬರೀ ಬುಟ್ಟಿ ತಗಂಡ್ ಹೋಗಿ ಬರೀ ಬುಟ್ಟಿ ತತ್ತೀರಲ್ಲ, ಇದ್ಯಾವ ಯಾಪಾರ?"

"ಗಾಳಿ ಯಾಪಾರ ಕಣಪ್ಪ. ನಿನ್ನ ಹಾಲಲ್ಲಿ ನೀರೈತಲ್ಲ, ಹಂಗೆ."

ಅವತ್ತು ಚಿಕ್ಕಮ್ಮಾವ್ರು ಏರಿಯ ಮೇಲೆ ಕೂತು ನಕ್ಕದ್ದು ನನಗೆ ಇನ್ನೂ ಕಿವಿಯಲ್ಲಿದೆ.

ಹೊರಡುವ ಮುಂಚೆ ಹೊಟ್ಟೆ ಕಟ್ಟುತ್ತಿದ್ದೆ. ಅದರ ಕ್ರಮ ಹೇಳುತ್ತೇನೆ. ಮೊದಲು ಅಂಗಾತ ಮಲಗಿಸಿ ಮಂಡಿ ಮಡಿಸಬೇಕು. ಉಸಿರು ಪೂರ್ತಿ ಬಿಡಲು ಹೇಳಬೇಕು. ಆಗ ಹೊಟ್ಟೆ ಮೆತ್ತಗಾಗುತ್ತದೆ. ಬೆರಳ ತುದಿ ಚುಚ್ಚದೆ, ಮೂರು ಬೆರಳನ್ನು ಚಪ್ಪಟೆ ಇಟ್ಟು ನಿಧಾನ ಒತ್ತಿದರೆ ಉಬ್ಬು ಗುಳುಕ್ಕನೆ ಒಳಗೆ ಹೋಗುತ್ತದೆ. ಅದರ ಮೇಲೆ ನಾಲ್ಕು ಮಡಿಕೆಯ ಬಟ್ಟೆ. ಆಮೇಲೆ ಹಳೆಯ ಮೆತ್ತನೆ ಸೀರೆಯನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ ಬರಬೇಕು. ಮೇಲಿನಿಂದ ಕೆಳಕ್ಕೆ ಸುತ್ತಿದರೆ ಭಾರವೆಲ್ಲ ಕೆಳಗೆ ಕೂರುತ್ತದೆ. ಸುತ್ತಿದ ಮೇಲೆ ಎರಡು ಬೆರಳು ಒಳಗೆ ತೂರಬೇಕು, ಮೂರನೆಯದು ತೂರಬಾರದು. ಡಾಕ್ಟರು ಹೇಳಿಕೊಟ್ಟದ್ದಲ್ಲ ಇದು, ಬಾಣಂತಿಯರ ಮೇಲೆ ಕಲಿತದ್ದು. ಡಾಕ್ಟರು ನೋಡಿ ಸರಿಯಾಗಿದೆ ಅಂದಿದ್ದರು.

ಸಂಕ್ರಾಂತಿ ಹೊತ್ತಿಗೆ ಒಂಬತ್ತು ಗೆರೆ ಅಳಿಸಿದ್ದೆವು. ಎಪ್ಪತ್ತೈದು. ಏರಿಯ ಮೇಲೆ ನಾನೇ ಹಿಂದೆ ಬೀಳುತ್ತಿದ್ದೆ. ರವಿಕೆಗಳನ್ನು ಒಳಕ್ಕೆ ಹೊಲಿಸಿಕೊಂಡರು. ಆಪರೇಷನ್ ಆದ ಮೇಲೆ ಶ್ರವಣಬೆಳಗೊಳದ ಬೆಟ್ಟ ಹತ್ತಬೇಕು, ಮದುವೆಯಾದ ವರ್ಷ ಹತ್ತಿದ್ದು, ಆಮೇಲೆ ಆಗಲೇ ಇಲ್ಲ ಅನ್ನುತ್ತಿದ್ದರು. "ನೀನೂ ಬರ್ಬೇಕು, ಅರ್ಧ ದಾರೀಲಿ ಕೂತ್ರೆ ನಾನು ನಿಲ್ಲಲ್ಲ," ಅನ್ನುತ್ತಿದ್ದರು.

ಹತ್ತನೆಯ ಗೆರೆ ಅಳಿಯಲಿಲ್ಲ.

ಒಂದು ಭಾನುವಾರ ಎಪ್ಪತ್ತೈದು. ಮುಂದಿನ ಭಾನುವಾರವೂ ಅಷ್ಟೆ. ಮೂರನೆಯ ಭಾನುವಾರವೂ ಕಲ್ಲು ಬದಲಿಸಲಿಲ್ಲ. ತಕ್ಕಡಿಯ ಮುಳ್ಳು ಒರೆಸಿ ನೋಡಿದೆ, ಹಲಗೆ ಬದಲಿಸಿ ತೂಗಿದೆ. ಎಪ್ಪತ್ತೈದೇ. ನನಗೆ ಸಿಟ್ಟು ಬಂತು. ನಾನು ದಿನಾ ಕತ್ತಲಲ್ಲೆದ್ದು ಬರುವುದು, ಕಟ್ಟುವುದು, ನಡೆಸುವುದು, ಎಲ್ಲ ಸರಿಯಾಗಿದೆ. ಹಾಗಾದರೆ ತಪ್ಪು ನಾನು ನೋಡದ ಕಡೆ ಇರಬೇಕು. ನೇರವಾಗಿ ಕೇಳಿಬಿಟ್ಟೆ.

"ಒಳಗೆ ಕದ್ದು ತಿಂತಿದೀರಾ?"

ಅವರು ತಕ್ಕಡಿ ಹಲಗೆಯ ಮೇಲೆ ಕೂತಿದ್ದರು. ಸರಪಳಿ ಹಿಡಿದ ಕೈ ಬಿಗಿಯಾಯಿತು. "ಇಲ್ಲ ಅಕ್ಕ," ಅಂದರು.

"ಇಲ್ಲ ಅಂದ್ರೆ ಕಲ್ಲು ಸುಳ್ಳು ಹೇಳ್ತದಾ? ನಿಮ್ಮೋರ ಉಪವಾಸ ನಾನು ನೋಡಿಲ್ವಾ? ಒಂದಿನ ಬಿಡೋದು, ಮಾರನೆ ದಿನ ಪಾರಣೆ ಅಂತ ಮೂರರಷ್ಟು ಬಾರಿಸೋದು. ಬೆಕ್ಕಿನ ಉಪವಾಸ."

ಅವರು ಇಳಿದು ಸೀರೆ ಸರಿಮಾಡಿಕೊಂಡು ಒಳಗೆ ಹೋದರು. ಕೆಲಸದವಳು ಹೀಗೆ ಮಾತಾಡಿದಳು ಅಂತ ಅತ್ತೆಗೆ ಹೇಳಿದ್ದರೆ ಅವತ್ತೇ ನನ್ನನ್ನು ಬಿಡಿಸುತ್ತಿದ್ದರು. ಹೇಳಲಿಲ್ಲ.

ಒಂದು ಮಾತು ಇಲ್ಲೇ ಬರೆದುಬಿಡುತ್ತೇನೆ. ಇಳಿಯುವ ಮೈ ನಡುನಡುವೆ ಹಾಗೆ ನಿಲ್ಲುತ್ತದಂತೆ. ಮೂರು ವಾರ, ನಾಲ್ಕು ವಾರ. ಕಾದರೆ ತಾನೇ ಮತ್ತೆ ಇಳಿಯುತ್ತದಂತೆ. ಡಾಕ್ಟರು ಆಮೇಲೆ ಹೇಳಿದರು. ನನಗೆ ಆಗ ಅದು ಗೊತ್ತಿರಲಿಲ್ಲ. ದುಡಿಯುವ ಜನಕ್ಕೆ ಬೊಜ್ಜು ಬರಲ್ಲ, ಇನ್ನೂ ದುಡಿಸಿದರೆ ಕರಗುತ್ತದೆ, ಇಷ್ಟೇ ನನ್ನ ತಿಳಿವಳಿಕೆ.

ಮಾರನೆಯ ದಿನ ನಾನೇ ತೀರ್ಮಾನ ಮಾಡಿದೆ. ಕೆರೆ ಏರಿ ಸಾಲದು, ಹುಲಿಕೆರೆ ತನಕ ಹೋಗೋಣ ಅಂದೆ. ಅಲ್ಲಿ ಹಳೆಯ ಕಾಲದ ಕೊಳ ಇದೆ, ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲು, ನೀರಿನ ತನಕ ಇಳಿದು ಹೋಗುತ್ತವೆ. ಹೋಗಿ, ಮೆಟ್ಟಿಲು ಇಳಿದು ಹತ್ತಿ, ವಾಪಸು ಬರಲು ಎರಡೂವರೆ ಗಂಟೆ. ಮೊದಲು ಒಂದು ಸಲ ಇಳಿದು ಹತ್ತಿಸಿದೆ. ವಾರ ಬಿಟ್ಟು ಮೂರು ಸಲ. ಡಾಕ್ಟರನ್ನು ಕೇಳಲಿಲ್ಲ. ಚಿಕ್ಕಮ್ಮಾವ್ರು ಬೇಡ ಅನ್ನಲಿಲ್ಲ. ಹೇಳಿದಷ್ಟೂ ನಡೆದರು.

ತೂಕ ಬಿದ್ದದ್ದು ನೋಡಬೇಕಿತ್ತು. ಒಂದೇ ವಾರಕ್ಕೆ ಎರಡು ಗೆರೆ. ನನ್ನ ಕೈಗುಣ ಅಂತ ಬೀಗಿದೆ. ಯಜಮಾನರು ಮಂಡಿಗೆ ಬಂದು ಗೋಡೆ ನೋಡಿ, "ಪರವಾಗಿಲ್ವೇ, ಇನ್ನೇನು ಬಂದೇಬಿಡ್ತು," ಅಂದರು. ನನಗೊಂದು ಸೀರೆ ಕೊಡಿಸುವುದಾಗಿ ಹೇಳಿದರು.

ಆದರೆ ಕೆಲವು ಸುಳಿವು ನನ್ನ ಕೈಗೆ ಸಿಕ್ಕಿದ್ದವು. ಹೊಟ್ಟೆ ಕಟ್ಟುವಾಗ ಅವರ ಕೈ ತಣ್ಣಗಿರುತ್ತಿತ್ತು. ಈಗತಾನೆ ನೀರು ಮುಟ್ಟಿರಬೇಕು ಅಂದುಕೊಂಡೆ. ಉಗುರು ಬೆಳ್ಳಗಿತ್ತು. ಬಿಳಿ ಮೈಯವರು, ಹಾಗೇ ಅಂದುಕೊಂಡೆ. ಬಾಚಣಿಗೆಯಲ್ಲಿ ಕೂದಲು ಉಂಡೆ ಉಂಡೆ ಬರುತ್ತಿತ್ತು. ಒಂದು ದಿನ ಹುಲಿಕೆರೆ ಕೊಳದ ನಡುಮೆಟ್ಟಿಲಲ್ಲಿ ಕೂತುಬಿಟ್ಟರು. "ಕಣ್ಣು ಕತ್ತಲೆ ಬಂತಕ್ಕ, ಒಂದು ಗಳಿಗೆ ತಡಿ," ಅಂದರು.

"ಕೂತ್ರೆ ಮೈ ಹೆಪ್ಪಾಯ್ತದೆ, ಏಳ್ರಿ," ಅಂದೆ.

ಎದ್ದರು.

ಎಷ್ಟು ಬಾಣಂತಿಯರ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ ರಕ್ತ ಕಡಿಮೆ ಅಂತ ಹೇಳಿದವಳು ನಾನು. ಅವರ ರೆಪ್ಪೆ ಮಾತ್ರ ಎಳೆದು ನೋಡಲಿಲ್ಲ. ಅವರು ಬಾಣಂತಿಯಲ್ಲವಲ್ಲ, ದಿನಾ ಊಟ ಮಾಡುವ ಸಾಹುಕಾರರ ಹೆಂಡತಿ.

ಯುಗಾದಿಗೆ ಇನ್ನೂ ವಾರ ಇತ್ತು, ಕೊನೆಯ ಗೆರೆ ಅಳಿಸಿದರು. ಗೋಡೆ ಮೇಲೆ ಹದಿನಾರು ಹೆಬ್ಬೆಟ್ಟಿನ ಕಪ್ಪು ಕಲೆ. ಮಾರನೆಯ ದಿನವೇ ಹಾಸನಕ್ಕೆ ಹೊರಟೆವು. ಬಸ್ಸಿನಲ್ಲಿ ಅವರು ಕಿಟಕಿ ಪಕ್ಕ ಕೂತು ಹೂ ಮುಡಿದಿದ್ದರು. ಯಜಮಾನರು ನಮ್ಮನ್ನು ಆಸ್ಪತ್ರೆಯಲ್ಲಿ ಬಿಟ್ಟು ಚೀಲ ಕೊಳ್ಳಲು ಪೇಟೆಗೆ ಹೋದರು.

ಡಾಕ್ಟರು ತೂಕ ನೋಡಿ ಭೇಷ್ ಅಂದರು. ಆಮೇಲೆ ರೆಪ್ಪೆ ಎಳೆದರು. ಉಗುರು ಒತ್ತಿದರು. ಬೆರಳು ಚುಚ್ಚಿ ರಕ್ತ ತೆಗೆಸಿದರು. ರಿಪೋರ್ಟ್ ಬಂದ ಮೇಲೆ ಅವರ ಮುಖದಲ್ಲಿ ಮೊದಲಿನ ನಗು ಇರಲಿಲ್ಲ. ನನ್ನನ್ನು ಕೇಳಿದರು: "ದಿನಾ ಎಷ್ಟು ನಡಸ್ತೀಯಮ್ಮ?"

"ಎರಡೂವರೆ ಗಂಟೆ ಸ್ವಾಮಿ. ಮೆಟ್ಟಿಲೂ ಹತ್ತಿಸ್ತೀನಿ." ಹೆಮ್ಮೆಯಿಂದಲೇ ಹೇಳಿದೆ.

ಡಾಕ್ಟರು ಚಿಕ್ಕಮ್ಮಾವ್ರ ಕಡೆ ತಿರುಗಿದರು. "ನೀವು ದಿನಕ್ಕೆ ಎಷ್ಟು ಸಲ ಊಟ ಮಾಡ್ತೀರಿ?"

ಚಿಕ್ಕಮ್ಮಾವ್ರು ನನ್ನ ಮುಖ ನೋಡಿದರು, ಆಮೇಲೆ ನೆಲ ನೋಡಿದರು. "ಒಪ್ಪತ್ತು," ಅಂದರು.

ದಿನಕ್ಕೆ ಒಂದೇ ಹೊತ್ತು. ಒಂದೂವರೆ ತಿಂಗಳಿಂದ. ನಾನು ಕದ್ದು ತಿಂತೀರಾ ಅಂದ ದಿನವೇ ಬಸದಿಗೆ ಹೋಗಿ, ಆಪರೇಷನ್ ಆಗುವ ತನಕ ಒಪ್ಪತ್ತು ಅಂತ ವ್ರತ ಹಿಡಿದಿದ್ದರು. ಅತ್ತೆಗೆ ಹೇಳಿದ್ದರು, ಗಂಡನಿಗೆ ಹೇಳಿದ್ದರು. ನನಗೆ ಹೇಳಿರಲಿಲ್ಲ. ನಾನು ನಡಿಗೆ ಜಾಸ್ತಿ ಮಾಡಿದ್ದು ಒಳಗಿನವರಿಗೆ ಗೊತ್ತಿರಲಿಲ್ಲ. ಬುಟ್ಟಿ ಹಿಡಿದು ಹೋದವರು ಬಸದಿಯಲ್ಲಿ ಜಪಕ್ಕೆ ಕೂತಿರಬೇಕು, ಅದಕ್ಕೇ ತಡ ಅಂದುಕೊಂಡಿದ್ದರಂತೆ. ಎರಡು ಮಾತೂ ಒಂದೇ ಕೋಣೆಯಲ್ಲಿ ಆಡಿದ್ದು ಅವತ್ತೇ ಮೊದಲು.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ತೂಕ ಸರಿಯಾಗಿದೆ. ಮೈಯಲ್ಲಿ ರಕ್ತ ಇಲ್ಲ. ಹೀಗೆ ಕೊಯ್ಯೋಕಾಗಲ್ಲ. ಆರು ವಾರ ಮೂರು ಹೊತ್ತೂ ಸ್ವಲ್ಪ ಸ್ವಲ್ಪ ತಿನ್ನಿ, ಮಾತ್ರೆ ತಗೊಳ್ಳಿ. ನಡಿಗೆ ಅರ್ಧ ಗಂಟೆ ಸಾಕು," ಅಂದರು. ಮೈ ನಡುವೆ ನಿಲ್ಲುತ್ತದೆ, ಕಾಯಬೇಕಿತ್ತು ಅಂದದ್ದೂ ಆಗಲೇ.

ವಾಪಸು ಬಸ್ಸಿನಲ್ಲಿ ಯಜಮಾನರು ಮುಂದಿನ ಸೀಟಿನಲ್ಲಿದ್ದರು. ನಾನು ಮೆಲ್ಲಗೆ ಕೇಳಿದೆ, "ನಂಗ್ಯಾಕೆ ಹೇಳ್ಲಿಲ್ಲ?"

"ಬೆಕ್ಕಿನ ಉಪವಾಸ ಅಂದಿದ್ಯಲ್ಲ. ಹೇಳಿದ್ರೆ ಮತ್ತೆ ನಗ್ತಿದ್ದೆ."

"ಈಗ ಬಿಟ್ಬಿಡ್ರಿ. ಡಾಕ್ಟ್ರೇ ಹೇಳವ್ರೆ."

"ಆಪರೇಷನ್ ಸುಸೂತ್ರ ಆಗ್ಲಿ ಅಂತ ಹಿಡಿದದ್ದು ಕಣಕ್ಕ. ಬಿಟ್ಟು, ಅದೇ ಆಗ್ದೆ ಹೋದ್ರೆ? ಒಪ್ಪತ್ತಲ್ಲೇ ಜಾಸ್ತಿ ತಿಂತೀನಿ ಬಿಡು. ರಕ್ತಕ್ಕೇನು ಗೊತ್ತಾಗುತ್ತೆ ಯಾವ ಹೊತ್ತಲ್ಲಿ ತಿಂದೆ ಅಂತ?"

ನಾನು ಹಳೇಬೀಡಿನಲ್ಲಿ ಇಳಿದು ದೊಡ್ಡಮ್ಮಾವ್ರ ಎದುರು ನಿಂತು, ಮೂರು ಹೊತ್ತು ಅಂತ ಡಾಕ್ಟರು ಹೇಳಿದ್ದಾರೆ, ವ್ರತ ಬಿಡಿಸಿ ಅನ್ನಬೇಕಿತ್ತು. ಒಮ್ಮೆ ಬಾಯಿಬಿಟ್ಟು ಕೆಡಿಸಿದ್ದು ಸಾಕು, ಅಡಿಗೆಮನೆ ವಿಷಯ ನನ್ನದಲ್ಲ ಅಂದುಕೊಂಡೆ. ಮಾತಾಡಬಾರದ ದಿನ ಮಾತಾಡಿದೆ, ಆಡಬೇಕಾದ ದಿನ ಆಡಲಿಲ್ಲ.

ಅರ್ಧ ಗಂಟೆ ನಡಿಗೆ ಶುರುಮಾಡಿದೆವು. ಬಸದಿ ತನಕ ಹೋಗಿ ಬರುವುದು ಅಷ್ಟೆ. ಹನ್ನೊಂದನೆಯ ದಿನ ಮಧ್ಯಾಹ್ನ ಅವರ ದೊಡ್ಡ ಮಗಳು ನಮ್ಮ ಮನೆಗೆ ಓಡಿ ಬಂದಳು. "ಅಮ್ಮ ವಾಂತಿ ಮಾಡ್ಕೋತಿದ್ದಾರೆ, ಬರಬೇಕಂತೆ."

ಹಜಾರದಲ್ಲಿ ಮಲಗಿಸಿದ್ದರು. ಮಂಡಿ ತಾವೇ ಮಡಿಸಿಕೊಂಡಿದ್ದರು. ನನ್ನನ್ನು ನೋಡಿ, "ತಳ್ಳು ಅಕ್ಕ, ದಿನಾ ತಳ್ಳೋ ಹಾಗೆ ತಳ್ಳು," ಅಂದರು.

ಮೂರು ಬೆರಳು ಇಟ್ಟೆ. ಬಿಸಿಯಾಗಿತ್ತು. ಕಲ್ಲಿನಂತೆ ಗಟ್ಟಿ. ಮೇಲಿನ ಚರ್ಮ ನೇರಳೆ ಬಣ್ಣಕ್ಕೆ ತಿರುಗಿತ್ತು. ದೊಡ್ಡಮ್ಮಾವ್ರು ಪಕ್ಕದಲ್ಲಿ ನಿಂತು, "ಒತ್ತೇ, ಯಾಕೆ ಸುಮ್ನೆ ಕೂತೆ, ಒತ್ತು," ಅನ್ನುತ್ತಿದ್ದರು. ನಾನು ಕೈ ತೆಗೆದೆ. ಇಂಥದ್ದನ್ನು ಒತ್ತಿದರೆ ಒಳಗೆ ಒಡೆಯುತ್ತದೆ ಅಂತ ಕೈಗೆ ಗೊತ್ತಾಯಿತು.

"ಇದು ನನ್ನ ಕೆಲ್ಸ ಅಲ್ಲ. ಲಾರಿ ತರಿಸಿ," ಅಂದೆ.

ಲಾರಿ ಅರಸೀಕೆರೆಗೆ ಹೊರಡಲು ಅರ್ಧ ತುಂಬಿ ನಿಂತಿತ್ತು. ಚೀಲ ಇಳಿಸಲು ಪುರುಸೊತ್ತಿಲ್ಲ. ಕೊಬ್ಬರಿ ಚೀಲದ ಮೇಲೆ ಹಾಸಿಗೆ ಹಾಕಿ ಮಲಗಿಸಿದೆವು. ನಾನು ಪಕ್ಕದಲ್ಲಿ ಕೂತು ಅವರ ಮೈ ಕುಲುಕದಂತೆ ಹಿಡಿದುಕೊಂಡೆ. ಹಾಸನದ ದಾರಿಯಲ್ಲಿ ಬೇಲೂರು ರಸ್ತೆ ಸೇರಿ ಸ್ವಲ್ಪ ದೂರ ಹೋದ ಮೇಲೆ ಕಣ್ಣು ಬಿಟ್ಟರು.

"ನಾನೀಗ ಎಷ್ಟಿರಬಹುದಕ್ಕ?"

"ಅರವತ್ತೆಂಟು."

"ಜಾಸ್ತಿ ಆಗಿಲ್ವಾ? ಹನ್ನೊಂದು ದಿನ ತಿಂದೆ."

"ಇಲ್ಲ. ಅರವತ್ತೆಂಟೇ."

ಸರಿ ಅನ್ನುವಂತೆ ತಲೆ ಆಡಿಸಿದರು.

ಅವತ್ತೇ ಕೊಯ್ದರು. ಯಜಮಾನರು ರಕ್ತ ಕೊಟ್ಟರು, ಅವರ ತಮ್ಮ ಕೊಟ್ಟರು. ಡಾಕ್ಟರು ಮಾಡಬೇಕಾದದ್ದೆಲ್ಲ ಮಾಡಿದರು. ಮೂರನೆಯ ದಿನ ಬೆಳಿಗ್ಗೆ ಚಿಕ್ಕಮ್ಮಾವ್ರು ಹೋಗಿಬಿಟ್ಟರು.

ಸೂತಕ ಕಳೆದ ಮೇಲೆ ದೊಡ್ಡಮ್ಮಾವ್ರು ಹೇಳಿ ಕಳಿಸಿದರು. ಬೈಸಿಕೊಳ್ಳಲು ಸಿದ್ಧಳಾಗಿಯೇ ಹೋದೆ. ಅವರು ಅಡಿಗೆಮನೆಯಲ್ಲಿ ಒಲೆ ಮುಂದೆ ಕೂತಿದ್ದರು. ಒಲೆ ಹಚ್ಚಿರಲಿಲ್ಲ. ನಾನು ಹೊಸಿಲ ಹೊರಗೆ ನಿಂತೆ.

"ಒಳಗೆ ಬಾ," ಅಂದರು.

"ಇಲ್ಲೇ ಇರ್ತೀನಿ ಬಿಡ್ರವ್ವ."

"ಬಾ ಅಂದೆ."

ದಾಟಿದೆ. ಬಾಗಿಲ ಒಳಮಗ್ಗುಲಲ್ಲಿ ಆ ಕಾಗದ ಇನ್ನೂ ಇತ್ತು. ಹೊಗೆ ಹಿಡಿದು ಹಳದಿಯಾಗಿತ್ತು. ಅದನ್ನು ಕಣ್ಣಾರೆ ನೋಡಿದ್ದು ಅವತ್ತೇ. ನೋಡಿದರೂ ಓದಲು ಬರುತ್ತಿರಲಿಲ್ಲ.

"ಎಲ್ಲಿ ತನಕ ನಡೀತಿದ್ಲು?" ಅಂತ ಕೇಳಿದರು.

ಹುಲಿಕೆರೆ ಅಂದೆ. ಮೆಟ್ಟಿಲು ಅಂದೆ. ಮೂರು ಸಲ ಅಂದೆ. ಮುಚ್ಚಿಡಲಿಲ್ಲ. ಕದ್ದು ತಿಂತೀರಾ ಅಂದದ್ದನ್ನೂ ಹೇಳಿದೆ.

ಅವರು ಆರಿದ ಒಲೆಯ ಬೂದಿ ಕೆದಕಿದರು. "ನಂಗೆ ಏರಿ ತನಕ ಅಂತ ಲೆಕ್ಕ," ಅಂದರು. "ಒಪ್ಪತ್ತು ಹಿಡಿದ್ಲು ಅಂತ ನಾನು ಊರೆಲ್ಲ ಹೇಳ್ಕೊಂಡು ಬಂದೆ. ನನ್ನ ಸೊಸೆ ಅಂತ. ಕೊನೆಗೆ ರಕ್ತ ಬರ್ಲಿ ಅಂತ, ಮೂರು ಹೊತ್ತಿಂದು ಒಂದೇ ಹೊತ್ತಿಗೆ ಬಡಿಸ್ದೆ. ಸಾಕು ಅತ್ತೆ ಅಂದ್ಲು. ಇನ್ನೊಂದು ತುತ್ತು ಅಂತ ಬಡಿಸ್ದೆ. ತಟ್ಟೆ ಮುಂದಿಂದ ಎದ್ದವಳು ಹಾಗೇ ಬಾಗ್ಕೊಂಡ್ಲು."

ನಿಮ್ಮ ತಪ್ಪಲ್ಲ ಅಂತ ನಾನು ಅನ್ನಬಹುದಿತ್ತು, ಅನ್ನಲಿಲ್ಲ. ಅವರೂ ನನಗೆ ಹಾಗೆ ಅನ್ನಲಿಲ್ಲ. ಒಬ್ಬರಿಗೊಬ್ಬರು ಸಮಾಧಾನ ಹೇಳಿದ್ದರೆ ಅದು ಅವರ ಸೊಸೆಗೆ ಮಾಡಿದ ಇನ್ನೊಂದು ದ್ರೋಹ ಆಗುತ್ತಿತ್ತು.

ಅವರು ಎದ್ದು ಬೆಳಗಿನ ಅನ್ನ, ಸಾರು ತಟ್ಟೆಗೆ ಹಾಕಿ ನನ್ನ ಮುಂದಿಟ್ಟರು. ಆ ಅಡಿಗೆಮನೆಯೊಳಗೆ, ನೆಲದ ಮೇಲೆ. "ತಿನ್ನು," ಅಂದರು. ಪಕ್ಕದಲ್ಲೇ ಕೂತು ನೋಡುತ್ತಿದ್ದರು. ತಿಂದೆ. ಹಸಿವಿತ್ತು. ತಟ್ಟೆ ನಾನೇ ತೊಳೆದಿಟ್ಟು ಬಂದೆ.

ಗೆಂಡೆಹಳ್ಳಿಯಲ್ಲಿ ಒಬ್ಬ ಹುಡುಗಿ ಹೆತ್ತು ಐದು ದಿನವಾಗಿತ್ತು, ಚೊಚ್ಚಲು. ನೀರು ಹಾಕಲು ಬಾ ಅಂತ ಎರಡು ಸಲ ಹೇಳಿ ಕಳಿಸಿದ್ದರು. ಮಾರನೆಯ ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಬೇಲೂರಿನಲ್ಲಿ ಇಳಿದು ಬಸ್ಸು ಬದಲಿಸಿ ಹೋದೆ. ಹಂಡೆಗೆ ಬೆಂಕಿ ಹಾಕಿದೆ. ಎಣ್ಣೆ ತಿಕ್ಕಿ, ನೀರು ಹಾಕಿ, ಹೊಗೆ ಕೊಟ್ಟು, ಹೊಟ್ಟೆ ಕಟ್ಟಿದೆ. ಅಷ್ಟಾದರೆ ನನ್ನ ಕೆಲಸ ಮುಗಿಯಿತು. ಅಕ್ಕಿ, ಎಲೆ ಅಡಿಕೆ ತೆಗೆದುಕೊಂಡು ಹೊರಡುವುದು ವಾಡಿಕೆ. ಆ ಮನೆಯ ಅಜ್ಜಿ ಮೊರದಲ್ಲಿ ಅಕ್ಕಿ ತಂದು ನಿಂತರು. ನಾನು ಏಳಲಿಲ್ಲ.

"ಇನ್ನೇನಮ್ಮ?" ಅಂದರು.

"ಈ ಹುಡುಗಿಗೆ ಊಟ ಹಾಕಿ. ಅಡಿಗೆಮನೇಲಿ ಬೇಡ, ಇಲ್ಲಿಗೆ ತನ್ನಿ. ನಾನು ನೋಡ್ಬೇಕು."

"ಬಾಣಂತಿ ಉಣ್ಣೋದ ನೋಡೋದಾ? ದೃಷ್ಟಿ ಆಗ್ತದೆ ಕಣೆ."

"ಆದ್ರೆ ನಾನೇ ತೆಗಿತೀನಿ. ತನ್ನಿ."

ಗೊಣಗುತ್ತ ತಂದರು. ಬಿಸಿ ಅನ್ನ, ಮೆಣಸಿನ ಸಾರು, ತುಪ್ಪ. ತುಪ್ಪ ಜಾಸ್ತಿಯಿತ್ತು, ಅರ್ಧ ತೆಗೆಸಿದೆ. ಸೊಪ್ಪು ಇರಲಿಲ್ಲ, ನಾಳೆಯಿಂದ ಇರಬೇಕು ಅಂದೆ. ಹುಡುಗಿ ನಾಚಿಕೊಂಡು ನಾಲ್ಕು ತುತ್ತು ತಿಂದು ಕೈ ನಿಲ್ಲಿಸಿದಳು. ಹತ್ತಿರ ಸರಿದು ಅವಳ ಕೆಳರೆಪ್ಪೆ ಎಳೆದು ನೋಡಿದೆ. ಕೆಂಪಗಿತ್ತು. ಆದರೂ ಅವಳು ತಟ್ಟೆ ಖಾಲಿ ಮಾಡುವ ತನಕ ಅಲ್ಲಿಂದ ಏಳಲಿಲ್ಲ. ಹನ್ನೊಂದರ ಬಸ್ಸು ಹೋಯಿತು.